ಪಾಲಯ್ಯ ಬರೆದ ಸಿಡಿಲಗಂಡ

"ನಾನ್ ಬರ್ದಿರೋ ಸಿಡಿಲಗಂಡ ಸ್ಟೇಜಿಗೆ ಬಂದ ಅಂದ್ರೆ ಪಾವಗಡದಾಗೆ ಕಟ್ಟಿರೋ ಎಮ್ಮೆ ಹಗ್ಗ ಹರ್ಕಂತದೆ. ನನ್ ಮುಂದೆ ಮಾತ್ರ ಅವ್ನು ಕುರಿಮರಿ," ಎಂದು ಪಾಲಯ್ಯ ಹೇಮಾವತಿ ಊರಿನ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಕುರಿಯ ಉಣ್ಣೆ ಕತ್ತರಿಸುವುದು ಅವನ ಕಸುಬು. ಆಳು ಎಷ್ಟು ಸಣ್ಣವನೆಂದರೆ, ಜೋರು ಗಾಳಿಯಿದ್ದ ದಿನ ಹೆಂಡತಿ ಉಜ್ಜಿನಮ್ಮ ಅವನ ಸೊಂಟಕ್ಕೊಂದು ಟಗರು ಕಟ್ಟಿ ಹೊರಗೆ ಕಳಿಸುತ್ತಿದ್ದಳು. ಎದುರು ಮನೆಯ ಬಾಲರಾಜು ಚಿಕ್ಕಂದಿನಿಂದಲೂ ಅವನ ತಲೆಗೆ ಮೊಟಕದೆ ಮುಂದೆ ಹೋದವನಲ್ಲ. ಕೂದಲು ನರೆತ ಮೇಲೂ ಸಂತೆಯಲ್ಲಿ, ಜನರೆದುರೇ, ಅದೇ ಮೊಟಕು. ಬಾಲರಾಜು ಒಂದು ಸಲವಾದರೂ ಊರೆದುರು ಏಟು ತಿನ್ನುವುದನ್ನು ಕಣ್ತುಂಬ ನೋಡಬೇಕು. ಪಾಲಯ್ಯ ನಾಟಕ ಬರೆದದ್ದು ಅದಕ್ಕೇ.

ತಾನು ರಾಜಕುಮಾರ, ಬಾಲರಾಜು ದುಷ್ಟ ಮಂತ್ರಿ. ಈ ರಾಜಕುಮಾರನ ಕೈಗೆ ಕತ್ತಿಯೇ ಭಾರ. ಹಾಗಾಗಿ ಹೊಡೆಯುವುದಕ್ಕೆ ಸಿಡಿಲಗಂಡನೆಂಬ ಭಯಂಕರ ಗೆಳೆಯ. ಆ ವೇಷಕ್ಕೆ ಜುಂಜಣ್ಣ ಸಿಕ್ಕಿದ. ಅವನು ಆಕಳಿಸಿದರೆ ಮಡಕಶಿರದ ಬೆಟ್ಟ ಅರ್ಧ ಗಜ ಹಿಂದೆ ಸರಿಯುತ್ತದೆ. ಸಿಡಿಲಗಂಡ ಬರೀ ಹೆದರಿಸುವವನಾದರೆ ಜನ ಮೆಚ್ಚುವುದಿಲ್ಲವೆಂದು ಪಾಲಯ್ಯ ಅವನಿಗೊಂದು ಒಳ್ಳೆಯ ಗುಣ ಬರೆದ: ಕಾಲಿಗೆ ಬಿದ್ದವನ ಶತ್ರು ತನಗೂ ಶತ್ರು. ರಾಜಕುಮಾರ ಮಾತ್ರ ಯಾರ ಕಾಲಿಗೂ ಬೀಳುವುದಿಲ್ಲ, ಗತ್ತು ಬೇಕಲ್ಲ.

ನಾಟಕದ ದಿನ ಜುಂಜಣ್ಣ ಕಾಲಿಟ್ಟೊಡನೆ ಒಂದು ಹಲಗೆ ಮುರಿಯಿತು. ಬಾಲರಾಜು ಅವನ ಮೊರದಗಲದ ಅಂಗೈ ನೋಡಿದ. ಕಲಿತ ಮಾತೆಲ್ಲ ಮರೆತು, ಜುಂಜಣ್ಣ ಕೈಯೆತ್ತುವ ಮೊದಲೇ ದಬಕ್ಕನೆ ಬಿದ್ದು ಕಾಲು ತಬ್ಬಿದ.

"ಅಣ್ಣಾ, ನನ್ ಶತ್ರು ಅಗೋ, ಅಲ್ಲವ್ನೆ."

ಜುಂಜಣ್ಣ ಪಾತ್ರಕ್ಕೆ ನಿಯತ್ತಿನ ಮನುಷ್ಯ. ತಿರುಗಿ ರಾಜಕುಮಾರನ ಕೆನ್ನೆಗೆ ಒಂದು ಬಿಟ್ಟ. ಕಿರೀಟ ಹಾರ್ಮೋನಿಯಂ ಮೇಲೆ, ಪಾಲಯ್ಯ ತಬಲದ ಮೇಲೆ.

"ಒನ್ಸ್ ಮೋರ್," ಎಂದರು ಜನ.

ಆ ಊರಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಸಾಯಬೇಕು; ಒಲ್ಲೆನೆಂದ ನಾಟಕದವರಿಗೆ ಮತ್ತೆ ಸ್ಟೇಜಿಲ್ಲ. ಪಾಲಯ್ಯ ತಡವರಿಸಿ ಎದ್ದು ಕೆನ್ನೆಯೊಡ್ಡಿದ. ಬಿತ್ತು. ಮತ್ತೆ ಕೂಗಿದರು. ಮತ್ತೆ ಎದ್ದ. ಮೂರನೆಯ ಕೂಗಿನಲ್ಲಿ ಎಲ್ಲರಿಗಿಂತ ಮೇಲಿದ್ದದ್ದು ಉಜ್ಜಿನಮ್ಮನ ದನಿ. ಪಾಲಯ್ಯನ ಮುಂದಿನ ಹಲ್ಲುಗಳು ಹೋದದ್ದು ಆಗಲೇ.

ಮರುದಿನ ಟೀ ಅಂಗಡಿ ತುಂಬ ಜನ. ಬಾಲರಾಜು ಎಂದಿನಂತೆ ತಲೆಗೆ ಮೊಟಕಿ ಕೇಳಿದ: "ಏನ್ಲಾ ರಾಜ್ಕುಮಾರ, ನೀನ್ ಹೆಂಗ್ ಬಿದ್ದೆ ನೋಡ್ದಾ?"

ಪಾಲಯ್ಯ ಊದಿದ ತುಟಿಯಿಂದ ಲೋಟ ತೆಗೆದ.

"ನಾನ್ ಹೊಡ್ತ ತಿಂದ್ ಬಿದ್ದೆ ಕಣ್ಲಾ. ನಿನ್ಗೆ ಯಾರ್ ಹೊಡುದ್ರು?"