ಅಕ್ಕ ಪೆನ್ಸಿಲ್ಲಲ್ಲಿ ಬರೆದ ಸಾಲು

ಕಂಪ್ಯೂಟರಿನ ಗಂಧಗಾಳಿಯೂ ಇಲ್ಲದವರಿಗೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪಾಠ ಬರೆಯುವವನು ನಾನು. ಹೊನ್ನವಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದು ಇಂಟರ್ನೆಟ್ಟಿಗೆ ಹಾಕುತ್ತೇನೆ. ಎಂಥ ತಾಳ್ಮೆಯ ಮೇಷ್ಟ್ರು ಅಂತ ಓದುಗರು ಹೊಗಳುತ್ತಾರೆ. ನನ್ನ ತಾಳ್ಮೆಯ ವಿಚಾರ ನಮ್ಮಕ್ಕನನ್ನು ಕೇಳಬೇಕು.

ಅಕ್ಕ ಗಂಡನ ಮನೆ ಬಿಟ್ಟು ಬಂದು ನಮ್ಮ ಜೊತೆಗಿದ್ದಾಳೆ. ತಿಪಟೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೊಸಬರಿಗೆ ಹೇಳಿಕೊಡುವವರು ಬೇಕಾಗಿದ್ದರು. "ತಮ್ಮನ ಮನೆ ಅನ್ನ ಎಷ್ಟು ದಿನಾಂತ ಉಣ್ಣಾದು? ನಂಗೂ ಕಲ್ಸಿಕೊಡು ಕಣ್ಲಾ" ಅಂದಳು. ನನಗೂ ಪಾಠ ಓದಿಸಿ ನೋಡಲು ಏನೂ ಅರಿಯದ ಒಂದು ತಲೆ ಬೇಕಿತ್ತು. ಎರಡು ತಿಂಗಳು ದಿನಾ ಮಧ್ಯಾಹ್ನ ಕೂರಿಸಿಕೊಂಡೆ, ದಿನಾ ಬೈದೆ.

ಆ ಕೆಲಸಕ್ಕೆ ಆರಿಸಲು ಕೇಂದ್ರದವರು ತಿಪಟೂರಿನಲ್ಲಿ ಇಟ್ಟಿದ್ದ ಪರೀಕ್ಷೆ ಸೋಮವಾರವಿತ್ತು. ಅದರ ಹಿಂದಿನ ವಾರ ನಾನು ಬರೆದದ್ದು ಲೂಪ್ ಪಾಠ, ಅಂದರೆ ಕಂಪ್ಯೂಟರಿನಿಂದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಉದಾಹರಣೆಗೆ ಅಟ್ಟದ ಕಾಯಿ ತೆಗೆದುಕೊಂಡಿದ್ದೆ. ನಮ್ಮ ಕಡೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಸುಲಿಯಬಹುದು. ನಾನು ಬರೆದೆ: ಲೊಟಲೊಟ ಅನ್ನುವವರೆಗೂ ಅಲ್ಲಾಡಿಸು.

ಅಕ್ಕ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಕೆಳಗೆ ಪೆನ್ಸಿಲ್ಲಲ್ಲಿ ಇನ್ನೊಂದು ಸಾಲು ಸೇರಿಸಿದಳು: ಅನ್ನದಿದ್ದರೆ ಅಟ್ಟಕ್ಕೆ ಹಾಕಿ ಒಂದು ತಿಂಗಳು ಕಳೆ.

"ಇದ್ಯಾರು ಹೇಳಿದ್ದು ನಿಂಗೆ?"

"ಬರೀ ಅಲ್ಲಾಡ್ಸಿದ್ರೆ ಕಾಯಿ ಒಣಗ್ತದೇನ್ಲಾ? ನಿನ್ ಪಾಠದಲ್ಲೇ ಏನೋ ತಪ್ಪೈತೆ ಕಣ್ಲಾ."

ನನಗೆ ಮೈಯೆಲ್ಲ ಉರಿದುಹೋಯಿತು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ! ಹಸು ಹಾಲು ಕರ್ಕೊಂಡು ಬಿದ್ದಿರು ಹೋಗು, ಈ ತಲೆ ಇಟ್ಕೊಂಡು ನೀನು ಇನ್ನೊಬ್ರಿಗೆ ಹೇಳ್ಕೊಡ್ತೀಯ?" ಅಂದೆ. ಅಷ್ಟಕ್ಕೂ ಬಿಡಲಿಲ್ಲ. ಅವಳ ನೋಟ್‌ಬುಕ್ಕಿನ ಹಾಳೆಯ ಫೋಟೋ ತೆಗೆದು, 'ಹೀಗೆ ಮಾತ್ರ ಬರೆಯಬೇಡಿ' ಅಂತ ಪಾಠದ ಕೊನೆಗೆ ಅಂಟಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ಮೊಬೈಲಿನಲ್ಲಿ ನೋಡಿದಳು. ಸೋಮವಾರ ಬೆಳಿಗ್ಗೆ ತಿಪಟೂರಿನ ಬಸ್ಸು ಬಂತು, ಹೋಯಿತು. ಅಕ್ಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು.

ಬುಧವಾರ ಒಬ್ಬ ಓದುಗರು ಬರೆದರು: "ಸಾರ್, ನಿಮ್ಮ ಪ್ರೋಗ್ರಾಂ ನಿಲ್ಲುತ್ತಲೇ ಇಲ್ಲ. ಆ ಫೋಟೋದಲ್ಲಿರುವ ಸಾಲು ಸೇರಿಸಿದರೆ ಸರಿಹೋಗುತ್ತೆ."

ಇಷ್ಟು ಸಣ್ಣದನ್ನು ನಾನು ಓಡಿಸಿ ನೋಡುವುದೇ ಅಂತ ಬಿಟ್ಟಿದ್ದೆ. ಈಗ ಓಡಿಸಿದೆ. ಥೂ, ಕಾಯಿ ಒಣಗುವುದಕ್ಕೆ ಜಾಗವನ್ನೇ ಕೊಟ್ಟಿರಲಿಲ್ಲ ನಾನು! ಹಸಿಕಾಯಿಯನ್ನೇ ಅಲ್ಲಾಡಿಸುತ್ತ ಸುತ್ತುತ್ತಿತ್ತು. ಫೋಟೋ ಅಳಿಸಿ, ಅಕ್ಕನ ಸಾಲನ್ನು ನನ್ನದೇ ಎಂಬಂತೆ ಪಾಠದೊಳಕ್ಕೆ ಸೇರಿಸಿದೆ. ಎಷ್ಟು ಚೆನ್ನಾಗಿ ತಿಳಿಸಿದ್ದೀರಿ ಸಾರ್, ಅಂದರು ಎಲ್ಲರೂ. ತರಬೇತಿ ಕೇಂದ್ರದವರು ಅಷ್ಟರಲ್ಲಿ ಬೇರೆ ಯಾರನ್ನೋ ತೆಗೆದುಕೊಂಡಿದ್ದರು.

ಆ ಭಾನುವಾರ ಅಟ್ಟದಿಂದ ಕಾಯಿ ಇಳಿಸುತ್ತಿದ್ದೆವು. ಅಕ್ಕ ಮೇಲೆ, ನಾನು ಏಣಿಯ ಕೆಳಗೆ. ಒಂದು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ, ವಾಪಸ್ ಇಟ್ಟು ಕೇಳಿದಳು:

"ಆ ಕಾಯಿ ಪಾಠ ಸರಿಯಾಗಿ ಓಡ್ತೇನ್ಲಾ?"

"ಹ್ಞೂಂ, ಓಡ್ತು."

"ಹಂಗಾರೆ ನಂದೇ ತಪ್ಪು ಬುಡು. ಹೋಗ್ದೆ ಇದ್ದಿದ್ದೇ ಒಳ್ಳೇದಾಯ್ತು, ಅಲ್ಲಿ ಮಾನ ಕಳ್ಕೊತಿದ್ದೆ."

"ಹ್ಞೂಂ" ಅಂದೆ.