ಕೆಂಪು ಮುಚ್ಚಳದ ಇಲಿಗಳು

ನಮ್ಮ ದೊಡ್ಡಪ್ಪನಿಗೆ ಕೆಲಸದ ಜಾಗದಲ್ಲಿ ಇಲಿಯಪ್ಪ ಎಂದೇ ಹೆಸರು. ಪ್ರಯೋಗಾಲಯದ ಬಿಳಿ ಇಲಿಗಳ ಗೂಡು ತೊಳೆದು, ಮರದ ಹೊಟ್ಟು ಹಾಸಿ, ನೀರಿನ ಬಾಟಲಿ ತುಂಬುವುದರಲ್ಲೇ ಇಪ್ಪತ್ತೆಂಟು ವರ್ಷ ಸವೆಸಿದವರು. ಮನೆಯಲ್ಲಿ ನಮ್ಮೊಂದಿಗೆ ನಾಲ್ಕು ಮಾತಾಡಿದರೆ ಹೆಚ್ಚು. ಇಲಿಗಳೊಂದಿಗೆ ಮಾತ್ರ ಹರಟೆಯೋ ಹರಟೆ.

ಈ ವರ್ಷ ಬಂದದ್ದು ಪ್ಲಾಸ್ಮಾ ನೀರಿನ ಪರೀಕ್ಷೆ. ಗಾಳಿಯಲ್ಲಿ ಕರೆಂಟಿನಿಂದ ಪುಟ್ಟ ಮಿಂಚು ಹುಟ್ಟಿಸಿ ನೀರಿಗೆ ತಾಗಿಸುತ್ತಾರಂತೆ. ಅದನ್ನು ಕುಡಿದರೆ ಮಿದುಳಿಗೆ, ನಡವಳಿಕೆಗೆ ತೊಂದರೆಯಾಗುತ್ತದೆಯೇ ಎಂದು ನೋಡಬೇಕು. ಕೆಂಪು ಮುಚ್ಚಳದ ಬಾಟಲಿ ಮೇಲಿನ ಸಾಲಿಗೆ, ನೀಲಿಯದು ಕೆಳಗಿನ ಸಾಲಿಗೆ. ಯಾವುದರಲ್ಲಿ ಯಾವ ನೀರೆಂದು ದೊಡ್ಡಪ್ಪನಿಗೂ ಗೊತ್ತಿಲ್ಲ, ಪರೀಕ್ಷೆ ನಡೆಸುವ ಡಾಕ್ಟರಮ್ಮನಿಗೂ ಗೊತ್ತಿಲ್ಲ.

ಮೂರು ತಿಂಗಳ ಬಳಿಕ ಇಲಿಗಳನ್ನು ಒಂದೊಂದಾಗಿ ತೆರೆದ ಪೆಟ್ಟಿಗೆಗೆ ಬಿಟ್ಟರು. ನೀಲಿಯವು ಆರಾಮಾಗಿ ಸುತ್ತಾಡಿದವು. ಕೆಂಪಿನವು ಮೂಲೆ ಹಿಡಿದು ನಡುಗಿದವು. ಗುಟ್ಟಿನ ಚೀಟಿ ಬಿಚ್ಚಿದರೆ ಕೆಂಪೇ ಪ್ಲಾಸ್ಮಾ. ಆದರೆ ಕೆಲವು ಇಲಿಗಳ ಮಿದುಳು ತೆಗೆದು ನೋಡಿದರೆ ಅಲ್ಲಿ ಯಾವ ಊನವೂ ಇಲ್ಲ. ಡಾಕ್ಟರಮ್ಮ ಕಕ್ಕಾಬಿಕ್ಕಿಯಾದರು. ಈ ನೀರು ಅಪಾಯ ಎಂದು ಬರೆಯುವುದೊಂದೇ ಅವರಿಗೆ ಉಳಿದಿತ್ತು.

ದೊಡ್ಡಪ್ಪನಿಗೆ ಅಂದಿನಿಂದ ಊಟ ಸೇರಲಿಲ್ಲ. ಅವರ ಬಲಗೈ ಒಂದು ವರ್ಷದಿಂದ ಮೇಲೇಳುತ್ತಿರಲಿಲ್ಲ. ತಿಳಿದರೆ ಕೆಲಸ ಬಿಡಿಸುತ್ತಾರೆಂದು ಮುಚ್ಚಿಟ್ಟಿದ್ದರು. ಕೆಳಗಿನ ಇಲಿಗಳನ್ನು ಬೊಗಸೆಯಲ್ಲಿ ಎತ್ತುತ್ತಿದ್ದವರು, ಮೇಲಿನವನ್ನು ಎಡಗೈಯಿಂದ ಬಾಲ ಹಿಡಿದು ತೆಗೆಯುತ್ತಿದ್ದರು. ಇಲಿಗಳು ಹೆದರಿದ್ದು ನೀರಿನಿಂದಲೋ, ಕೈಯಿಂದಲೋ? ತಲೆ ಕೆಟ್ಟು ದೊಡ್ಡಮ್ಮನನ್ನು ಕೇಳಿದರು. ಬಾಯಿ ಮುಚ್ಚಿಕೊಂಡಿರಿ ಎಂದರು ದೊಡ್ಡಮ್ಮ. ಅರ್ಧ ಗಂಟೆ ಬಿಟ್ಟು, ಹೇಳಿಬಿಡಿ ಎಂದರು. ಇಂಥ ಸಲಹೆಯಿಂದ ಯಾರಿಗೆ ತಾನೇ ದಾರಿ ಕಂಡೀತು?

ಮರುದಿನ ಡಾಕ್ಟರಮ್ಮನ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸಾದರು. ಮೂರನೆಯ ಸಲ ಒಳಗೆ ಹೋದರು.

"ಅಮ್ಮಾ, ನೀರಿನ ವಿಷ್ಯ ನಂಗೊತ್ತಿಲ್ಲ. ಮೇಲಿನವನ್ನ ಮಾತ್ರ ನಾನು ಬಾಲ ಹಿಡಿದೇ ಎತ್ತಿದ್ದು. ಬಲಗೈ ಮೇಲೇಳಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, "ಎಲ್ಲಿ, ಕೈ ಎತ್ತಿ" ಎಂದರು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ವಾರವಾರ ಸಾಲು ಅದಲುಬದಲು ಮಾಡಿಸದ ತಪ್ಪು ತಮ್ಮದೂ ಹೌದು ಎಂದು ಅವರು ಒಪ್ಪಿಕೊಂಡರು. ಉಳಿದ ಕೆಂಪಿನವನ್ನು ಕೆಳಗಿನ ಸಾಲಿಗೆ ಇಳಿಸಿದರು. ನೀರು ಅದೇ, ಎತ್ತುವುದು ಮಾತ್ರ ಬೊಗಸೆಯಲ್ಲಿ. ಒಂದು ತಿಂಗಳು ನೋಡೋಣ, ನಿಮ್ಮ ಕೆಲಸದ ಮಾತು ಆಮೇಲೆ ಎಂದರು.

ಆ ತಿಂಗಳೆಲ್ಲ ದೊಡ್ಡಪ್ಪನಿಗೆ ಏನು ಬಯಸಬೇಕೆಂದೇ ತಿಳಿಯಲಿಲ್ಲ. ಇಲಿಗಳು ಹೆದರುತ್ತಲೇ ಇದ್ದರೆ ತಪ್ಪು ನೀರಿನದು. ಹೆದರಿಕೆ ಬಿಟ್ಟರೆ ತಪ್ಪು ತಮ್ಮದು.

ಮೂರನೆಯ ವಾರ, ಮೂಲೆಯನ್ನೇ ಬಿಡದ ಒಂದು ಕೆಂಪಿನ ಇಲಿ ತಾನಾಗಿ ಬಂದು ಅವರ ಬೊಗಸೆ ಹತ್ತಿ ಕೂತು ಮೀಸೆ ಉಜ್ಜಿಕೊಂಡಿತು. ನಗಬೇಕೋ ಅಳಬೇಕೋ ದೊಡ್ಡಪ್ಪನಿಗೆ ತಿಳಿಯಲಿಲ್ಲ. ಇಲಿಯನ್ನು ಕೆಳಗಿಡದೆಯೇ ಡಾಕ್ಟರಮ್ಮನನ್ನು ಕರೆದರು.