ಕಸ್ತೂರೆವ್ವನ ಫಾಲ್ಗುಣ

ಬೆಳೆಗೆ ದೃಷ್ಟಿ ತಾಗಬಾರದೆಂದು ಕಾಗವಾಡದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹಳೆಯ ಚಪ್ಪಲಿ ಕಟ್ಟುತ್ತಾರೆ; ಕಸ್ತೂರೆವ್ವನಿಗೆ ಅಷ್ಟು ಸಾಲದು, ಆಕೆ ಬೆಳೆಯನ್ನೇ ಬೈಯುತ್ತಾಳೆ. ಶಿವರಾತ್ರಿ ದಾಟಿ, ಬಿಸಿಲು ಬಲಿತು, ಗೊನೆಗಳಿಗೆ ಸಿಹಿ ಇಳಿಯುತ್ತಿದ್ದಂತೆ ಅದು ಶುರುವಾಗುತ್ತದೆ. ಸಾಂಗ್ಲಿಯಿಂದ ರಾಜದೂತ್ ಮೋಟಾರ್‌ಸೈಕಲ್ ಮೇಲೆ ಬಂದ ವ್ಯಾಪಾರಿ ಚಪ್ಪರದ ಕೆಳಗೆ ನಿಂತು "ಈ ಸಲ ಮಾಲ್ ಭಾಳ ಛಲೋ ಬಂದೈತ್ರಿ" ಎಂದರೆ, ಬಾಯಲ್ಲಿ ಅದೇ ಹಣ್ಣು ಇಟ್ಟುಕೊಂಡು "ಏನ್ ಬಂದೈತಿ, ಮಣ್ಣು! ಬರೇ ಹುಳಿ" ಎನ್ನುತ್ತಾಳೆ. ಮಗ ರಾವಸಾಹೇಬ ಹಣೆ ಬಡಿದುಕೊಳ್ಳುತ್ತಾನೆ: "ಅವ್ವಾ, ಮಾರೂ ಮಾಲ್ ಐತಿ ಬೇ!" ಎಲೆ ಕಾಣದಷ್ಟು ಹೂ ಬಿಟ್ಟ ಮಾವಿನ ಮರಕ್ಕೆ "ಎಲ್ಲಾ ಉದುರತೈತಿ" ಎನ್ನುತ್ತಾಳೆ. ಕೋಗಿಲೆಯನ್ನೂ ಬಿಡುವುದಿಲ್ಲ: "ಗಂಟಲಾ ಕೆಟ್ಟೈತಿ ಅದರದು." ಈ ವರ್ಷ ಸೊಸೆ ಸುಗಂಧಾಳ ತುಂಬಿದ ಹೊಟ್ಟೆ ನೋಡಿ ನೆರೆಯ ಗೌರಾಬಾಯಿ "ಎಷ್ಟ ತಿಂಗಳಾದುವ ಅಕ್ಕಾ?" ಎಂದು ಕೇಳಿದಾಗ, "ಯಾವ ತಿಂಗಳಾ? ಅಜೀರ್ಣ ಆಗೇತಿ, ಓಂಕಾಳಿನ ನೀರ ಕೊಟ್ಟೇನಿ" ಎಂದುಬಿಟ್ಟಳು. ಸುಗಂಧಾ ನಗು ತಡೆಯಲಾರದೆ ಬಳ್ಳಿಯ ಹಿಂದೆ ಸರಿದಳು. ಹೋದ ವರ್ಷ ಇದೇ ಹೊತ್ತಿನಲ್ಲಿ ಕಸ್ತೂರೆವ್ವ ಓಣಿಯ ತುಂಬ ಪೇಢೆ ಹಂಚಿ, "ನನ್ನ ಸೊಸಿ ಹೆಂಗ ತುಂಬಿ ನಿಂತಾಳ ನೋಡ್ರಿ" ಎಂದು ಮನೆಮನೆಗೂ ಹೇಳಿಕೊಂಡು ಬಂದಿದ್ದಳು. ಯುಗಾದಿಗೆ ಮೊದಲೇ ಆ ಕೂಸು ಹೊಟ್ಟೆಯಲ್ಲೇ ಹೋಯಿತು. ಈಗ ಅತ್ತೆ ಸೊಸೆ ತೋಟದ ದಾರಿ ಹಿಡಿದರೆ, ಎದುರಿಗೆ ಯಾರೇ ಬರಲಿ, ಕಸ್ತೂರೆವ್ವ ಸೆರಗನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, ಹಿಂದೆ ಬರುವವಳು ಕಾಣದಂತೆ ಮುಂದೆ ನಡೆಯುತ್ತಾಳೆ.